ತಾಯಿಯ ಓದು ಮತ್ತು ಮಗುವಿನ ಆಯುಷ್ಯ

ಆಯುಷ್ಯವನ್ನು ಅಲ್ಲಾಹನೇ ನಿಶ್ಚಯಿಸಿರುವಾಗ ಹೆತ್ತವರು ಓದಿದರೇನು, ಬಿಟ್ಟರೇನು ಎಂದು ನಮ್ಮಲ್ಲಿ ಕೆಲವರು ಕೇಳುವುದುಂಟು. ಸಿರಿಯಾದತ್ತ ಹೊರಟಿದ್ದ ಖಲೀಫಾ ಉಮರ್(ರ)ರಿಗೆ ಅಲ್ಲಿ ಪ್ಲೇಗ್ ಹರಡಿದೆ ಎಂಬ ಸುದ್ದಿ ದಾರಿಯಲ್ಲೇ ಸಿಕ್ಕಿತು. ಅವರು ಮರಳಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಕೇಳಿದರು. ಅವನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್(ರ)ರ ಉತ್ತರವಾಗಿತ್ತು. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು. ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ವಿಧಿಯೇ ಎಂದು ಅವರು ವಿವರಿಸಿದರು. ಗೊತ್ತಿದ್ದೂ ಬರಡು ಬದಿಗೆ ಹೊಡೆದುಕೊಂಡು ಹೋಗುವವನಿಗೆ ತವಕ್ಕುಲ್ ಇದೆ ಎನ್ನಲಾದೀತೇ?

ತಾಯಿಯ ವಿದ್ಯೆ ಅಂಥ ಹಸಿರು ಬದಿ. 1970ರಿಂದ 2009ರ ನಡುವೆ ಜಗತ್ತಿನಲ್ಲಿ ಐದು ವರ್ಷದೊಳಗಿನ ಮಕ್ಕಳ ಸಾವು ಬಹಳ ಇಳಿಯಿತು. ಆ ಇಳಿಕೆಯ ಅರ್ಧದಷ್ಟಕ್ಕೆ ಹೆಣ್ಣುಮಕ್ಕಳ ಶಿಕ್ಷಣ ಹೆಚ್ಚಿದ್ದೇ ಕಾರಣ ಎಂದು 175 ದೇಶಗಳ ಲೆಕ್ಕ ಹಾಕಿದ 2010ರ ಲ್ಯಾನ್ಸೆಟ್ ಅಧ್ಯಯನ ಹೇಳಿತು. ಅದೇ ಪತ್ರಿಕೆಯ 2021ರ ಅಧ್ಯಯನದ ಪ್ರಕಾರ, ಶಾಲೆಗೇ ಹೋಗದವಳ ಮಗುವಿಗೆ ಹೋಲಿಸಿದರೆ 12 ವರ್ಷ ಓದಿದ ತಾಯಿಯ ಮಗುವಿಗೆ ಐದರೊಳಗೆ ಸಾಯುವ ಅಪಾಯ ಶೇ. 31ರಷ್ಟು ಕಡಿಮೆ. ತಂದೆಯ ಓದಿನಿಂದಲೂ ಲಾಭವಿದೆ, ಸುಮಾರು ಶೇ. 17. ತಾಯಿ ಓದಿದ ಒಂದೊಂದು ವರ್ಷವೂ ಅಪಾಯವನ್ನು ಶೇ. 3ರಷ್ಟು ತಗ್ಗಿಸುತ್ತದೆ. ಹತ್ತನೇ ತರಗತಿ ಮುಗಿಯಿತು, ಇನ್ನು ಸಾಕು ಎಂದು ಮಗಳ ಓದು ನಿಲ್ಲಿಸುವವರು ಇದನ್ನು ಗಮನಿಸಬೇಕು.

ಓದಿದವಳಿಗೆ ಔಷಧದ ಹೆಸರು ಗೊತ್ತಿರುತ್ತದೆ ಎಂಬುದಷ್ಟೇ ಇದರ ಗುಟ್ಟಲ್ಲ. ನೈಜೀರಿಯಾದ ಕುಟುಂಬಗಳನ್ನು ಅಭ್ಯಸಿಸಿ 1979ರಲ್ಲಿ ಬರೆದ ಜಾನ್ ಕಾಲ್ಡ್‌ವೆಲ್ ಎಂಬ ತಜ್ಞರು ಇನ್ನೊಂದನ್ನು ಕಂಡರು: ಓದಿದ ತಾಯಿಯ ಮಾತಿಗೆ ಮನೆಯಲ್ಲಿ ಬೆಲೆ ಬರುತ್ತದೆ. ಮಗು ಕಾಯಿಲೆ ಬಿದ್ದಾಗ ಅವಳು ಹಣೆಬರಹವೆಂದು ಕೂರುವುದಿಲ್ಲ.

ನಮ್ಮ ಮನೆಗಳನ್ನೇ ನೋಡೋಣ. ಮಗುವಿಗೆ ಬೆಳಿಗ್ಗೆಯಿಂದ ಭೇದಿ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕೆಂದು ಸೊಸೆಗೆ ಗೊತ್ತು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕೆಂದೂ ಗೊತ್ತು. ಆದರೆ ಗಲ್ಫ್‌ನಲ್ಲಿರುವ ಗಂಡ ಫೋನ್ ಎತ್ತುವವರೆಗೆ, ಅತ್ತೆ ಹೂಂ ಎನ್ನುವವರೆಗೆ ಅವಳು ಹೊರಡುವಂತಿಲ್ಲ. ಅವಳ ಡಿಗ್ರಿ ಆಗ ಯಾವ ಪ್ರಯೋಜನಕ್ಕೆ? ಮಗುವನ್ನು ಎತ್ತಿಕೊಂಡು ಹೊರಡಲು ಅವಳಿಗೆ ಯಾರ ಅಪ್ಪಣೆಯೂ ಬೇಡ, ಆಟೋದ ಹಣ ಅವಳ ಕೈಯಲ್ಲೇ ಇರಲಿ ಎಂದು ಗಂಡಂದಿರು ಇಂದೇ ಮನೆಯವರೆದುರು ಹೇಳಿಬಿಡಬೇಕು.

ಓದು ಅರ್ಧಕ್ಕೆ ನಿಂತ ತಾಯಂದಿರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿ ಕಟ್ಟಬಹುದು. ಅದಕ್ಕೆ ಗರಿಷ್ಠ ವಯಸ್ಸಿನ ಮಿತಿಯಿಲ್ಲ.