ತಲೆಬಾಗಿಲು ನಿಲ್ಲುವ ಹೊತ್ತು

ಚನ್ನಗಿರಿ ಕಡೆಯ ತೋಟದೂರುಗಳಲ್ಲಿ ಅಡಿಕೆ ಮಾರಿ ಕೈಯಲ್ಲಿ ದುಡ್ಡು ಓಡಾಡಿತೆಂದರೆ ಹೊಸ ಮನೆಗಳಿಗೆ ಪಾಯ ಬೀಳುತ್ತದೆ. ಪಾಯದ ಮೇಲೆ ತಲೆಬಾಗಿಲ ಚೌಕಟ್ಟು ನಿಲ್ಲಿಸುವ ದಿನ ಮನೆಮಂದಿಗೆ ಹಬ್ಬ. ಹೊಸ್ತಿಲ ಕೆಳಗೆ ನವಧಾನ್ಯ, ನಾಣ್ಯ. ನಿಲುವುಗಳಿಗೆ ಅರಿಸಿನ ಕುಂಕುಮ. ಮೇಲೆ ಮಾವಿನ ತೋರಣ. ಮಂಗಳಾರತಿ ಆದಮೇಲೆ ಆಚಾರರು ತೂಕದ ಗುಂಡು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ ದಾರವನ್ನೇ ನೋಡುತ್ತಾರೆ. ಆಮೇಲೆ ಟೇಪು ಮೂಲೆಯಿಂದ ಮೂಲೆಗೆ ಓರೆಯಾಗಿ ಓಡುತ್ತದೆ. ಎರಡೂ ಓರೆಯ ಅಳತೆ ಒಂದೇ ಬಂದರೆ ಚೌಕಟ್ಟು ಮಟ್ಟಸ.

"ಆಚಾರ್ರೇ, ಕದ ರೆಡಿಮೇಡ್ ತರ್ತೀನಿ ಅಂತಾನೆ ಮಗ. ಗೆದ್ದಲು ಹತ್ತಲ್ವಂತೆ."

"ತರ್ಲಿ ಬಿಡಮ್ಮ. ಹೊಸ್ತಿಲು, ಚೌಕಟ್ಟು ಮಾತ್ರ ಮರದ್ದೇ ಇರ್ಲಿ."

ಮಗ ಹೇಳುವುದು ಡಬ್ಲ್ಯುಪಿಸಿ ಕದ. ಮರದ ಪುಡಿಗೆ ಪ್ಲಾಸ್ಟಿಕ್ ಬೆರೆಸಿ ಒತ್ತಿದ ಹಲಗೆ ಅದು. ನೀರಿಗೆ ಉಬ್ಬುವುದಿಲ್ಲ, ಗೆದ್ದಲು ಮುಟ್ಟುವುದಿಲ್ಲ. ತುಂಗಭದ್ರೆಯ ದಡದ ಹೊನ್ನಾಳಿಯಲ್ಲಿ, ಮಲೆನಾಡಿಗೆ ಹತ್ತಿರದ ನ್ಯಾಮತಿಯಲ್ಲಿ ಮಳೆಗಾಲಕ್ಕೆ ಮರದ ಕದ ಬಿಗಿದುಕೊಂಡು, ಭುಜ ಕೊಟ್ಟು ತಳ್ಳುವವರಿಗೆ ಇದರ ಬೆಲೆ ಗೊತ್ತು. ಜಗಳೂರಿನ ಕಥೆಯೇ ಬೇರೆ. ಅಲ್ಲಿ ಮಳೆ ಕಡಿಮೆ, ಬಿಸಿಲು ಖಡಕ್ಕು. ಸರಿಯಾಗಿ ಒಣಗದ ಮರ ಅಲ್ಲಿ ಸೀಳು ಬಿಡುತ್ತದೆ. ಪ್ಲಾಸ್ಟಿಕ್ ಬೆರೆತ ಕದವೂ ಕಾದರೆ ಹಿಗ್ಗುತ್ತದೆ, ಗಾಢ ಬಣ್ಣ ಬಳಿದರಂತೂ ಇನ್ನಷ್ಟು ಕಾಯುತ್ತದೆ. ಪಡುವಣಕ್ಕೆ ಮುಖ ಮಾಡಿದ ಮನೆಗೆ ಮುಂದೆ ನೆರಳಿಲ್ಲದಿದ್ದರೆ ಅಂಥ ಕದ ಬೇಡವೆಂದೇ ನಾನು ಹೇಳುತ್ತೇನೆ. ಅಲ್ಲಿಗೆ ಚೆನ್ನಾಗಿ ಒಣಗಿದ ಸಾಗುವಾನಿಯೇ ಸರಿ. ಇವೆಲ್ಲ ಒಂದೇ ಜಿಲ್ಲೆಯ ಊರುಗಳು, ಆದರೆ ಎಲ್ಲ ಊರಿಗೂ ಒಂದೇ ಬಾಗಿಲು ಹೊಂದುವುದಿಲ್ಲ.

ಕೂರಿಸುವ ಕೆಲಸದಲ್ಲಿ ಅವಸರ ನಡೆಯದು. ಡಬ್ಲ್ಯುಪಿಸಿಗೆ ಸ್ಕ್ರೂವನ್ನು ಸುತ್ತಿಗೆಯಿಂದ ಬಡಿದರೆ ಹಿಡಿತ ಹೋಗುತ್ತದೆ. ಮೊದಲು ಸಣ್ಣ ಡ್ರಿಲ್ಲಿನಿಂದ ತೂತು ಕೊರೆಯಬೇಕು. ಕದ ಭಾರವಿದ್ದರೆ ಎರಡು ಹಿಂಜಸ್ಸು ಸಾಲವು, ಮೂರಾದರೂ ಬೇಕು. ಚೌಕಟ್ಟಿಗೂ ಕದಕ್ಕೂ ನಡುವೆ ಸುತ್ತ ಮೂರು ಮಿಲಿಮೀಟರಿನಷ್ಟು ಸಂದು ಬಿಟ್ಟರೆ ಉಜ್ಜಾಟ ತಪ್ಪುತ್ತದೆ.

ಇನ್ನು ಮರದ ಕದದ ಪಾಲಿಶ್. ಎಲ್ಲರೂ ಕದದ ಮುಖ ನೋಡುತ್ತಾರೆ, ಅದು ಫಳಫಳ ಹೊಳೆಯುತ್ತಿರುತ್ತದೆ. ಹೊಸ್ತಿಲ ಮುಂದೆ ಬಗ್ಗಿ ಕದದ ತಳದಂಚಿಗೆ ಬೆರಳು ಆಡಿಸಿ ನೋಡಿ. ಎಷ್ಟೋ ಮನೆಗಳಲ್ಲಿ ಅಲ್ಲಿ ಗರಗಸದ ಗುರುತು ಹಾಗೇ ಇರುತ್ತದೆ. ಬಣ್ಣವಿಲ್ಲ, ಎಣ್ಣೆಯಿಲ್ಲ, ಬರಿ ಮರ ಬೆರಳಿಗೆ ತರಿತರಿ. ದಿನಾ ಬೆಳಿಗ್ಗೆ ಹೊಸ್ತಿಲು ಸಾರಿಸುವ ನಮ್ಮ ಮನೆಗಳಲ್ಲಿ ನೀರು ಕುಡಿಯುವುದು ಇದೇ ಅಂಚು. ಕದ ಉಬ್ಬುವುದು, ಬುಡ ಕೊಳೆಯುವುದು ಶುರುವಾಗುವುದೂ ಇಲ್ಲಿಂದಲೇ. ಸಾವಿರಾರು ರೂಪಾಯಿಯ ಕೆತ್ತನೆ ಮಾಡಿಸಿ ಈ ಅಂಗೈ ಅಗಲವೂ ಇಲ್ಲದ ಜಾಗ ಬಿಡುವುದು ನೋಡಿದರೆ ಹೊಟ್ಟೆ ಉರಿಯುತ್ತದೆ.

ಮನೆ ಕಟ್ಟಿಸುತ್ತಿರುವವರು ಪಾಲಿಶಿನವರಿಗೆ ಕೊನೆಯ ಕಂತು ಕೊಡುವ ಮೊದಲು ಕದ ಇಳಿಸಿ, ತಳದಂಚು, ಮೇಲಂಚು ಎರಡಕ್ಕೂ ಉಪ್ಪುಕಾಗದ ಉಜ್ಜಿಸಿ ಪಾಲಿಶ್ ಕುಡಿಸಿ. ಅರ್ಧ ದಿನದ ಕೆಲಸ.