ಮದ್ದಿನ ನೀರಲ್ಲಿ ಅದ್ದಿದ ಸೊಳ್ಳೆಪರದೆ

ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಹಳ್ಳಿಗರು ಸೊಳ್ಳೆಪರದೆ ಕಟ್ಟಿ ಮಲಗುತ್ತಿದ್ದುದು ಮಲೇರಿಯಾಕ್ಕೆ ಹೆದರಿ ಅಲ್ಲ. ತುಂಬಿದ ಮನೆಯಲ್ಲಿ ಹಾಸಿಗೆಗೊಂದು ಮರೆ ಬೇಕಿತ್ತು. ಹುಲ್ಲಿನ ಮಾಡಿನಿಂದ ಉದುರುವ ಕಸ ಮೈಮೇಲೆ ಬೀಳಬಾರದು, ಚಳಿಯೂ ತಡೆಯಬೇಕು. ಸೊಳ್ಳೆಯ ಕಾಟ ತಪ್ಪಿದರೆ ಅದೂ ಆಯಿತು. ಜಾಲರಿಗಿಂತ ಒತ್ತಾದ ಬಟ್ಟೆಯ ಪರದೆಯೇ ಅವರಿಗೆ ಇಷ್ಟವಾಗಿದ್ದುದು ಇದಕ್ಕೇ. 1980ರ ದಶಕದಲ್ಲಿ ಸಂಶೋಧಕರು ಬಂದಾಗ ಪರದೆ ಕಟ್ಟುವ ಪಾಠ ಹೇಳಬೇಕಾಗಿ ಬರಲಿಲ್ಲ. ಕಟ್ಟಿದ್ದ ಪರದೆಗೆ ಮದ್ದು ಸೇರಿಸುವುದಷ್ಟೇ ಉಳಿದಿತ್ತು.

ಬರಿಯ ಪರದೆಯಲ್ಲಿ ತೂತು ಬಿದ್ದರೆ ಸೊಳ್ಳೆ ಒಳನುಗ್ಗುತ್ತದೆ. ನಿದ್ದೆಗಣ್ಣಲ್ಲಿ ಅಂಚಿಗೆ ತಾಗಿದ ಕೈಕಾಲನ್ನು ಹೊರಗಿನಿಂದಲೇ ಕಚ್ಚುತ್ತದೆ. ಈ ಕೊರತೆ ನೀಗಿಸಿದ್ದು 1973ರಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಮೈಕೇಲ್ ಎಲಿಯಟ್ ತಂಡ ರೂಪಿಸಿದ ಪರ್ಮೆಥ್ರಿನ್. ಸೇವಂತಿಗೆಯ ಬಳಗದ ಪೈರೆಥ್ರಮ್ ಹೂವಿನ ಕೀಟನಾಶಕದ ಮಾದರಿಯಲ್ಲೇ ಮಾಡಿದ, ಆದರೆ ಬಿಸಿಲಿಗೆ ಬೇಗ ಕೆಡದ ರಾಸಾಯನಿಕ ಇದು. ಮಲಗಿದವರ ಉಸಿರು, ಮೈವಾಸನೆಗೆ ಸೊಳ್ಳೆ ಹುಡುಕಿಕೊಂಡು ಬರುತ್ತದೆ, ಪರದೆಯ ಮೇಲೆ ಕೂರುತ್ತದೆ. ಮದ್ದು ಅದರ ನರಮಂಡಲಕ್ಕೆ ತಟ್ಟುತ್ತದೆ. ಮಲಗಿದವರೇ ಗಾಳದ ಎರೆ ಎನ್ನಬಹುದು.

ಗ್ಯಾಂಬಿಯಾದ ಫರಾಫೆನ್ನಿ ಸುತ್ತಲಿನ ಹಳ್ಳಿಗಳಲ್ಲಿ ಪರದೆಗಳನ್ನು ಪರ್ಮೆಥ್ರಿನ್ ಬೆರೆಸಿದ ನೀರಿನಲ್ಲಿ ಅದ್ದಿ, ಹಿಂಡಿ, ಹಾಸಿ ಒಣಗಿಸಲಾಯಿತು. 1991ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವು ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಮನೆಯವರ ಕಣ್ಣಿಗೆ ಕಾಣುವ ಲಾಭ ಬೇರೆಯೇ: ಹಾಸಿಗೆಯ ತಿಗಣೆ, ತಲೆಯ ಹೇನು ಕಡಿಮೆಯಾದವು.

1992ರಲ್ಲಿ ಅಲ್ಲಿನ ಸರ್ಕಾರ ಇದನ್ನು ದೇಶಕ್ಕೆಲ್ಲ ಹಬ್ಬಿಸಲು ಹೊರಟಿತು. ಮೊದಲು ಪುಕ್ಕಟೆಯಾಗಿದ್ದ ಮದ್ದಿಗೆ ಆಮೇಲೆ ದುಡ್ಡು ಕೇಳಿದಾಗ ಅದ್ದಿಸುವವರ ಸಂಖ್ಯೆ ಒಮ್ಮೆಲೇ ಕುಸಿಯಿತು. ತಿಳಿವಳಿಕೆ ಸಾಲದು ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಅದ್ದಬೇಕಾದದ್ದು ಮಳೆಗಾಲಕ್ಕೆ ಮುಂಚೆ. ಶೇಂಗಾ ಮಾರಿದ ದುಡ್ಡು ಅಷ್ಟು ಹೊತ್ತಿಗೆ ಖರ್ಚಾಗಿರುತ್ತದೆ. ಒಗೆದಂತೆಲ್ಲ ಮದ್ದು ತೊಳೆದುಹೋಗುವುದರಿಂದ ಅದು ವರ್ಷವರ್ಷದ ಖರ್ಚು ಕೂಡ.

ಅದ್ದುವ ಕೆಲಸವನ್ನೇ ತಪ್ಪಿಸಿದ್ದು ಕಾರ್ಖಾನೆ. ಜಪಾನಿನ ಸುಮಿಟೊಮೊ ಕೆಮಿಕಲ್ ಪಾಲಿಥೀನ್ ನೂಲಿನೊಳಗೇ ಪರ್ಮೆಥ್ರಿನ್ ಸೇರಿಸಿ ‘ಒಲಿಸೆಟ್’ ಪರದೆ ತಯಾರಿಸಿತು. ಮೇಲ್ಮೈಯ ಮದ್ದು ತೊಳೆದುಹೋದರೂ ಒಳಗಿನದು ಮೆಲ್ಲಗೆ ಹೊರಬರುತ್ತದೆ. ಇಂಥ ಪರದೆ 20 ಒಗೆತಕ್ಕೆ, ಸುಮಾರು 3 ವರ್ಷಕ್ಕೆ ಬಾಳಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆ. 2007ರಲ್ಲಿ ಅದೇ ಸಂಸ್ಥೆ ಇವನ್ನು ಉಚಿತವಾಗಿ ಅಥವಾ ಭಾರೀ ರಿಯಾಯಿತಿಯಲ್ಲಿ ಹಂಚಲು ಹೇಳಿತು. ಅಷ್ಟರಲ್ಲಿ ಆಫ್ರಿಕಾದ ಹಲವೆಡೆ ಸೊಳ್ಳೆಗಳು ಪರ್ಮೆಥ್ರಿನ್‌ನ ಬಳಗಕ್ಕೆ ಒಗ್ಗತೊಡಗಿದ್ದವು. ಈಗ ಕ್ಲೋರ್ಫೆನಪೈರ್ ಎಂಬ ಎರಡನೆಯ ಮದ್ದನ್ನೂ ಸೇರಿಸಿದ ಪರದೆಗಳು ಬಂದಿವೆ. 2023ರಲ್ಲಿ ಅವಕ್ಕೂ ಸಂಸ್ಥೆಯ ಶಿಫಾರಸು ಸಿಕ್ಕಿದೆ.