ಐವತ್ತು ಪದಗಳ ಉಕ್ತಲೇಖನದಿಂದ ಒಂಬತ್ತು ಬ್ಯಾಂಡ್‌ವರೆಗೆ

1934ರ ನವೆಂಬರ್. ಪ್ರಾಗ್‌ನಲ್ಲಿ ಹುಟ್ಟಿದ ಪತ್ರಕರ್ತ, ಹಿಟ್ಲರನ ಕಡುವಿರೋಧಿ ಎಗೋನ್ ಕಿಶ್ ಯುದ್ಧವಿರೋಧಿ ಸಮಾವೇಶದಲ್ಲಿ ಮಾತನಾಡಲು ಆಸ್ಟ್ರೇಲಿಯಾಕ್ಕೆ ಬಂದಿದ್ದ. ಸರ್ಕಾರ ಅವನನ್ನು ಹಡಗಿನಿಂದ ಇಳಿಯಲು ಬಿಡಲಿಲ್ಲ. ಮೆಲ್ಬರ್ನ್‌ನಲ್ಲಿ ಅವನು ಹಡಗಿನ ಮೇಲಿಂದ ಧಕ್ಕೆಗೆ ಜಿಗಿದು ಕಾಲು ಮುರಿದುಕೊಂಡ. ಕೊನೆಗೆ ಸಿಡ್ನಿಯಲ್ಲಿ ಅವನಿಗೊಂದು ಭಾಷಾ ಪರೀಕ್ಷೆ ಒಡ್ಡಲಾಯಿತು. ಕಿಶ್ ಹಲವು ಯುರೋಪಿಯನ್ ಭಾಷೆ ಬಲ್ಲವನು. ಹಾಗಾಗಿ ಅಧಿಕಾರಿಗಳು ಅವನಿಗೆ ಬಾರದ ಭಾಷೆಯನ್ನೇ ಹುಡುಕಿ ಸ್ಕಾಟಿಷ್ ಗೇಲಿಕ್‌ನಲ್ಲಿ ಉಕ್ತಲೇಖನ ಕೊಟ್ಟರು. ಅವನು ಬರೆಯಲು ಒಪ್ಪದೆ ಕೋರ್ಟಿಗೆ ಹೋದ. ಕಾನೂನು ಹೇಳುವ ಅರ್ಥದಲ್ಲಿ ಸ್ಕಾಟಿಷ್ ಗೇಲಿಕ್ ಯುರೋಪಿಯನ್ ಭಾಷೆಯಲ್ಲ ಎಂದು ಅಲ್ಲಿನ ಹೈಕೋರ್ಟ್ ತೀರ್ಪಿತ್ತಿತು.

ಆ ಕಾನೂನು 1901ರ ವಲಸೆ ನಿರ್ಬಂಧ ಕಾಯ್ದೆ. ಅಧಿಕಾರಿ ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ ಐವತ್ತು ಪದಗಳನ್ನು ಓದಿ ಹೇಳಬೇಕು, ಬಂದವರು ಬರೆಯಬೇಕು. ಕಾಯ್ದೆಯಲ್ಲಿ ಎಲ್ಲಿಯೂ ಬಣ್ಣದ ಮಾತಿಲ್ಲ, ಆದರೆ ಅದು ಹುಟ್ಟಿದ್ದೇ ಬಣ್ಣದ ಲೆಕ್ಕದಿಂದ. ಇದರ ಮೂಲವಿರುವುದು ದಕ್ಷಿಣ ಆಫ್ರಿಕಾದ ನಟಾಲ್‌ನಲ್ಲಿ, ಅದೂ ಭಾರತೀಯರನ್ನು ತಡೆಯುವ ಪ್ರಯತ್ನದಲ್ಲಿ. 1897ರ ಜನವರಿಯಲ್ಲಿ ಡರ್ಬನ್‌ನಲ್ಲಿ ಹಡಗಿನಿಂದಿಳಿದ ಗಾಂಧೀಜಿಯ ಮೇಲೆ ಬಿಳಿಯರ ಗುಂಪು ಹಲ್ಲೆ ಮಾಡಿತು. ಅದೇ ವರ್ಷ ನಟಾಲ್ ಸರ್ಕಾರ, ಒಳಬರುವವರು ಯುರೋಪಿಯನ್ ಭಾಷೆಯಲ್ಲಿ ಅರ್ಜಿ ಬರೆಯಬೇಕೆಂಬ ಕಾನೂನು ತಂದಿತು. ಬ್ರಿಟನ್ನಿನ ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲಿನ್ ಇದನ್ನೇ ಉಳಿದ ವಸಾಹತುಗಳಿಗೆ ಮಾದರಿಯಾಗಿ ತೋರಿಸಿದರು. ಆಸ್ಟ್ರೇಲಿಯಾ ಅದನ್ನು ಇನ್ನಷ್ಟು ಹರಿತಗೊಳಿಸಿತು. 1909ರ ನಂತರ ಈ ಉಕ್ತಲೇಖನದಲ್ಲಿ ಒಬ್ಬರೂ ಪಾಸಾಗಲಿಲ್ಲ. 1936ರಲ್ಲಿ ಭಾರತದಲ್ಲಿ ಹುಟ್ಟಿದ ಬ್ರಿಟಿಷ್ ಮಹಿಳೆ ಮೇಬಲ್ ಫ್ರೀರ್ ಅವರನ್ನು ತಡೆಯಬೇಕಾದಾಗ ಪರೀಕ್ಷೆ ಇಟಾಲಿಯನ್‌ನಲ್ಲಿ ನಡೆಯಿತು. ಈ ಪದ್ಧತಿ ಕೊನೆಗೊಂಡದ್ದು 1958ರಲ್ಲಿ.

ಯಾವ ಪರೀಕ್ಷೆ ಎಂಬುದನ್ನು ಆಗ ಅಧಿಕಾರಿ ಆರಿಸುತ್ತಿದ್ದ. ಈಗ ಅರ್ಜಿದಾರರೇ ಆರಿಸುತ್ತಾರೆ. ಈ ಬದಲಾವಣೆ ನಿಧಾನವಾಗಿ, ಬೇರೊಂದು ದಾರಿಯಿಂದ ಬಂತು.

ಆ ದಾರಿ ವಿಶ್ವವಿದ್ಯಾಲಯಗಳದು. ಕೇಂಬ್ರಿಡ್ಜ್ 1913ರಲ್ಲಿ ಪರಭಾಷಿಕರಿಗಾಗಿ ಮೊದಲ ಇಂಗ್ಲಿಷ್ ಪ್ರಾವೀಣ್ಯ ಪರೀಕ್ಷೆ ನಡೆಸಿದಾಗ ಬರೆದವರು ಮೂವರು. ಹನ್ನೆರಡು ಗಂಟೆಗಳ ಆ ಪರೀಕ್ಷೆಯಲ್ಲಿ ಮೂವರೂ ನಪಾಸಾದರು. ಅಮೆರಿಕದ ಟೋಫೆಲ್ 1964ರಲ್ಲಿ ಶುರುವಾಯಿತು. ಬ್ರಿಟಿಷ್ ಕೌನ್ಸಿಲ್ ಮತ್ತು ಕೇಂಬ್ರಿಡ್ಜ್ 1980ರಲ್ಲಿ ತಂದ ಪರೀಕ್ಷೆಗೆ ಆಸ್ಟ್ರೇಲಿಯಾದ ಐಡಿಪಿ ಸಂಸ್ಥೆಯೂ ಕೈಜೋಡಿಸಿ, 1989ರಲ್ಲಿ ಐಇಎಲ್‌ಟಿಎಸ್ ಹುಟ್ಟಿತು. ಒಂಬತ್ತು ಬ್ಯಾಂಡ್‌ಗಳು, ಕೇಳು-ಓದು-ಬರೆ-ಮಾತಾಡು ಎಂಬ ನಾಲ್ಕು ವಿಭಾಗಗಳು. ಇವೆಲ್ಲ ಮೊದಲು ಓದಲು ಹೋಗುವವರಿಗೆಂದೇ ರೂಪುಗೊಂಡವು.

ವಲಸೆ ಇಲಾಖೆಗಳಿಗೆ ಇವು ಬೇಕಾದದ್ದು ಅಂಕದ ಪದ್ಧತಿಯಿಂದಾಗಿ. ಕೆನಡಾ 1967ರಲ್ಲೇ ವಯಸ್ಸು, ಓದು, ಕಸುಬುಗಳಿಗೆ ಅಂಕ ಕೊಡಲು ಶುರುಮಾಡಿತ್ತು. ಅಲ್ಲಿ 2010ರ ಜೂನ್‌ನಿಂದ ಕುಶಲ ಕೆಲಸಗಾರರ ವಿಭಾಗದ ಮುಖ್ಯ ಅರ್ಜಿದಾರರಿಗೆಲ್ಲ ಹೊರಗಿನ ಸಂಸ್ಥೆಯ ಭಾಷಾ ಪರೀಕ್ಷೆ ಕಡ್ಡಾಯವಾಯಿತು. 2015ರ ಜನವರಿಯಲ್ಲಿ, ಅರ್ಜಿದಾರರನ್ನು ಅಂಕದ ಮೇಲೆ ಸಾಲುಗಟ್ಟಿಸುವ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿ ಬಂದ ಮೇಲಂತೂ ಬ್ಯಾಂಡ್ ಎಂಬುದು ಬದುಕಿನ ಲೆಕ್ಕವೇ ಆಯಿತು.

ಆ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಊಹಿಸಿಕೊಳ್ಳಿ. ಅವಿವಾಹಿತೆ, ಸ್ನಾತಕೋತ್ತರ ಪದವಿ ಇದೆ, ಮೂರು ವರ್ಷಕ್ಕಿಂತ ಹೆಚ್ಚಿನ ಅನುಭವವಿದೆ. ಐಇಎಲ್‌ಟಿಎಸ್‌ನಲ್ಲಿ ಓದು, ಬರಹ, ಮಾತು ಮೂರರಲ್ಲೂ 7, ಆಲಿಸುವಿಕೆಯಲ್ಲಿ 8 ಬಂದರೆ ಕೆನಡಾದ ಅಳತೆಯಲ್ಲಿ ಅದು ಒಂಬತ್ತನೇ ಮಟ್ಟ. ಆಲಿಸುವಿಕೆಯಲ್ಲಿ 7.5 ಬಂದರೆ ಆ ವಿಭಾಗ ಎಂಟನೇ ಮಟ್ಟಕ್ಕೆ ಇಳಿಯುತ್ತದೆ. ನೇರವಾಗಿ ಹೋಗುವುದು 8 ಅಂಕ ಮಾತ್ರ. ಆದರೆ ಪದವಿ ಮತ್ತು ಅನುಭವಗಳ ಜೊತೆ ಭಾಷೆ ಸೇರಿದಾಗ ಸಿಗುವ ಹೆಚ್ಚುವರಿ ಅಂಕಕ್ಕೆ ನಾಲ್ಕೂ ವಿಭಾಗಗಳಲ್ಲಿ ಒಂಬತ್ತನೇ ಮಟ್ಟ ಬೇಕು. ಅಲ್ಲಿ ತಲಾ 25ರಂತೆ ಇನ್ನೂ 50 ಹೋಗುತ್ತವೆ. ನಲವತ್ತು ಪ್ರಶ್ನೆಗಳಲ್ಲಿ ಒಂದೆರಡು ಉತ್ತರ ತಪ್ಪಿದ್ದಕ್ಕೆ ಒಟ್ಟು 58 ಅಂಕ ನಷ್ಟ! ಆಕೆ ಎರಡನೇ ಸಲ, ಮೂರನೇ ಸಲ ಹಣ ಕಟ್ಟುವುದು ಇಂಗ್ಲಿಷ್ ಬಾರದೆ ಅಲ್ಲ. ಭಾರತದಲ್ಲಿ ಐಇಎಲ್‌ಟಿಎಸ್ ಶುಲ್ಕ ಹದಿನೇಳು ಸಾವಿರ ರೂಪಾಯಿ ದಾಟಿದೆ.

ಪರೀಕ್ಷೆ ಬದಲಾಯಿಸುವ ಯೋಚನೆ ಬರುವುದು ಇಲ್ಲಿಯೇ. ಕೆನಡಾದಲ್ಲೇ ರೂಪುಗೊಂಡ ಸೆಲ್ಪಿಪ್ ಪೂರ್ತಿ ಕಂಪ್ಯೂಟರ್‌ನಲ್ಲಿ ನಡೆಯುತ್ತದೆ. ಮಾತಿನ ಪರೀಕ್ಷೆಯಲ್ಲೂ ಎದುರಿಗೆ ಮನುಷ್ಯರಿಲ್ಲ, ಮೈಕ್ ಇರುತ್ತದೆ. 2024ರ ಜನವರಿ ಕೊನೆಯಿಂದ ಪಿಟಿಇ ಕೋರ್ ಕೂಡ ಕೆನಡಾ ಒಪ್ಪುವ ಪರೀಕ್ಷೆಗಳ ಪಟ್ಟಿಗೆ ಸೇರಿದೆ. ಫ್ರೆಂಚ್ ಬಲ್ಲವರಿಗೆ ಟಿಇಎಫ್, ಟಿಸಿಎಫ್ ಪರೀಕ್ಷೆಗಳಿವೆ, ಒಳ್ಳೆಯ ಫ್ರೆಂಚ್‌ಗೆ 50ರವರೆಗೂ ಹೆಚ್ಚುವರಿ ಅಂಕ ಸಿಗುತ್ತದೆ.

ಹೆಸರುಗಳ ಹೋಲಿಕೆಯಿಂದ ಆಗುವ ನಷ್ಟವೂ ದೊಡ್ಡದು. ಕೆನಡಾದ ಕಾಯಂ ವಾಸಕ್ಕೆ ಐಇಎಲ್‌ಟಿಎಸ್‌ನ ಜನರಲ್ ಟ್ರೇನಿಂಗ್ ಬೇಕು. ಓದಲೆಂದು ಅಕಾಡೆಮಿಕ್ ಬರೆದವರು ಮತ್ತೆ ಬರೆಯಲೇಬೇಕು. ಪಿಟಿಇಯಲ್ಲಿ ಆಸ್ಟ್ರೇಲಿಯಾ ಕೇಳುವುದು ಅಕಾಡೆಮಿಕ್, ಕೆನಡಾ ಕೇಳುವುದು ಕೋರ್. ಡುಯೊಲಿಂಗೊ ಪರೀಕ್ಷೆಯನ್ನು ಎಷ್ಟೋ ವಿಶ್ವವಿದ್ಯಾಲಯಗಳು ಒಪ್ಪುತ್ತವೆ, ಈ ಎರಡು ದೇಶಗಳ ವಲಸೆ ಇಲಾಖೆಗಳು ಒಪ್ಪುವುದಿಲ್ಲ.

ಪಿಟಿಇ ಅಕಾಡೆಮಿಕ್ ಬಂದದ್ದು 2009ರಲ್ಲಿ. ಆಸ್ಟ್ರೇಲಿಯಾ ಅದನ್ನು ಕುಶಲ ವೀಸಾಗಳಿಗೆ ಒಪ್ಪಿದ್ದು 2014ರಲ್ಲಿ. ಇದರ ಮೌಲ್ಯಮಾಪನದಲ್ಲಿ ಯಂತ್ರದ್ದೇ ದೊಡ್ಡ ಪಾಲು. ಫಲಿತಾಂಶ ಬೇಗ ಬರುತ್ತದೆ, ಮುಖ ನೋಡಿ ಅಂಕ ಕೊಡುವ ಅನುಮಾನವಿಲ್ಲ. ಆದರೆ 2017ರಲ್ಲಿ ಆಸ್ಟ್ರೇಲಿಯಾದ ಸುದ್ದಿಯೊಂದು ಲೋಕವನ್ನೇ ಬೆರಗುಗೊಳಿಸಿತು. ಇಂಗ್ಲಿಷ್ ಮಾತೃಭಾಷೆಯ, ಎರಡು ಪದವಿ ಪಡೆದ ಐರಿಷ್ ಪಶುವೈದ್ಯೆಗೆ ಮಾತಿನ ವಿಭಾಗದಲ್ಲಿ 74 ಬಂದಿತ್ತು, ಬೇಕಿದ್ದದ್ದು 79. ಎದುರಿಗೆ ಮನುಷ್ಯರಿದ್ದರೆ ಮಾತು ಕಳೆಗಟ್ಟುವವರು ಐಇಎಲ್‌ಟಿಎಸ್‌ನ 11ರಿಂದ 14 ನಿಮಿಷಗಳ ಸಂದರ್ಶನವನ್ನು ನೆಚ್ಚಿಕೊಳ್ಳುವುದು ಮೇಲು. ಪರೀಕ್ಷಕರ ಮುಂದೆ ನಾಲಿಗೆ ಒಣಗುವವರಿಗೆ, ವೇಗವಾಗಿ ಟೈಪ್ ಮಾಡುವವರಿಗೆ ಪಿಟಿಇ ಅಥವಾ ಸೆಲ್ಪಿಪ್ ಒಗ್ಗೀತು.

ಆಯ್ಕೆ ಹೆಚ್ಚಿದಷ್ಟೂ ನಂಬಿಕೆ ಗಟ್ಟಿಯಾಗುತ್ತದೆ ಎಂದೇನಿಲ್ಲ. 2014ರಲ್ಲಿ ಬಿಬಿಸಿಯ ಪನೋರಮಾ ಕಾರ್ಯಕ್ರಮ ಬ್ರಿಟನ್ನಿನಲ್ಲಿ ಟೋಯಿಕ್ ಎಂಬ ಇಂಗ್ಲಿಷ್ ಪರೀಕ್ಷೆಯ ಕೇಂದ್ರಗಳ ಮೋಸವನ್ನು ಬಯಲಿಗೆಳೆಯಿತು. ಅಲ್ಲಿ ಬೇರೆಯವರು ಬಂದು ಪರೀಕ್ಷೆ ಬರೆಯುತ್ತಿದ್ದರು. ಅದಾದ ಮೇಲೆ ಸುಮಾರು 58 ಸಾವಿರ ಪರೀಕ್ಷೆಗಳಲ್ಲಿ ಶೇ 97ರಷ್ಟನ್ನು ಸಂಶಯದ ಪಟ್ಟಿಗೆ ಹಾಕಲಾಯಿತು. ಪ್ರಾಮಾಣಿಕವಾಗಿ ಬರೆದವರೂ ಆ ಪಟ್ಟಿಯಲ್ಲಿ ಸಿಕ್ಕಿಬಿದ್ದಿರಬಹುದೆಂದು ಅಲ್ಲಿನ ರಾಷ್ಟ್ರೀಯ ಲೆಕ್ಕಪರಿಶೋಧನಾ ಸಂಸ್ಥೆ 2019ರಲ್ಲಿ ಹೇಳಿತು. ಅಷ್ಟರಲ್ಲಿ ಭಾರತ, ಬಾಂಗ್ಲಾದೇಶ, ಪಾಕಿಸ್ತಾನಗಳ ಎಷ್ಟೋ ವಿದ್ಯಾರ್ಥಿಗಳು ವೀಸಾ, ಓದು, ಕಟ್ಟಿದ ಫೀಸು ಎಲ್ಲವನ್ನೂ ಕಳೆದುಕೊಂಡಿದ್ದರು. ತಪ್ಪಿಲ್ಲದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇಕೆ?

ಇಷ್ಟರ ನಡುವೆ ಮೆಚ್ಚಬೇಕಾದ ಪರೀಕ್ಷೆಯೂ ಒಂದಿದೆ. ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತು ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಕ್ಕೆ ಹೊರಡುವವರಿಗೆ ಓಇಟಿ ಎಂಬ ಹೆಸರು ಹೊಸದಲ್ಲ. ಆರೋಗ್ಯ ಕ್ಷೇತ್ರದವರಿಗೆಂದೇ ಆಸ್ಟ್ರೇಲಿಯಾದಲ್ಲಿ ಇದು ರೂಪುಗೊಂಡಿತು. ಇದರಲ್ಲಿ ಎಲ್ಲರಿಗೂ ಒಂದೇ ಬಗೆಯ ಪ್ರಬಂಧವಿಲ್ಲ. ರೋಗಿಯ ಕೇಸ್ ಟಿಪ್ಪಣಿ ಓದಲು ಐದು ನಿಮಿಷ, ಬರೆಯಲು ನಲವತ್ತು ನಿಮಿಷ, ಬರೆಯಬೇಕಾದದ್ದು ಇನ್ನೊಬ್ಬ ವೈದ್ಯರಿಗೋ ನರ್ಸಿಗೋ ಒಂದು ಪತ್ರ. ಮಾತಿನ ವಿಭಾಗದಲ್ಲಿ ಎದುರಿನವರು ಗಾಬರಿಯಾದ ರೋಗಿಯ ಪಾತ್ರ ವಹಿಸುತ್ತಾರೆ, ಅವರನ್ನು ಸಮಾಧಾನಪಡಿಸಿ ವಿಷಯ ತಿಳಿಸಬೇಕು. ವಾರ್ಡಿನಲ್ಲಿ ದಿನಾ ಮಾಡುವ ಕೆಲಸವನ್ನೇ ಅಳೆಯುವ ಪರೀಕ್ಷೆ ಇದು. ಬ್ರಿಟನ್ನಿನ ನರ್ಸಿಂಗ್ ಮಂಡಳಿ 2017ರಲ್ಲಿ ಇದನ್ನು ಒಪ್ಪಿತು. ಮರುವರ್ಷ ಐಇಎಲ್‌ಟಿಎಸ್ ಬರಹದ ಮಿತಿಯನ್ನೂ 7ರಿಂದ 6.5ಕ್ಕೆ ಇಳಿಸಿತು. ಅರ್ಧ ಬ್ಯಾಂಡ್‌ಗಾಗಿ ಪದೇ ಪದೇ ಪರೀಕ್ಷೆ ಬರೆಯುತ್ತಿದ್ದ ನರ್ಸ್‌ಗಳ ಪಾಲಿಗೆ ಅದು ದೊಡ್ಡ ಬಿಡುಗಡೆ. ಓಇಟಿ ಶುಲ್ಕ ಐಇಎಲ್‌ಟಿಎಸ್‌ಗಿಂತ ಬಹಳ ಹೆಚ್ಚು ಎಂಬುದೊಂದೇ ಕೊರತೆ.

ಆಸ್ಟ್ರೇಲಿಯಾ 2025ರ ಆಗಸ್ಟ್ 7ರಿಂದ ಒಪ್ಪುವ ಪರೀಕ್ಷೆಗಳ ಸಂಖ್ಯೆಯನ್ನು ಒಂಬತ್ತಕ್ಕೆ ಏರಿಸಿದೆ. ಕೆನಡಾದ ಸೆಲ್ಪಿಪ್ ಕೂಡ ಈಗ ಅಲ್ಲಿ ಸಲ್ಲುತ್ತದೆ. ಪಿಟಿಇಯಲ್ಲಿ ನಾಲ್ಕೂ ವಿಭಾಗಗಳಿಗೆ ಒಂದೇ ಅಂಕ ಎಂಬ ಹಳೆಯ ಗೆರೆ ಹೋಗಿ, ಒಂದೊಂದು ವಿಭಾಗಕ್ಕೂ ಬೇರೆ ಬೇರೆ ಅಂಕ ನಿಗದಿಯಾಗಿದೆ. ಆ ದಿನಕ್ಕೆ ಮೊದಲು ಬರೆದವರಿಗೆ ಹಳೆಯ ಕೋಷ್ಟಕವೇ ಅನ್ವಯ. ಹೀಗಾಗಿ ಹಣ ಕಟ್ಟುವ ಮುನ್ನ ನೋಡಬೇಕಾದದ್ದು ಕೋಚಿಂಗ್ ಕೇಂದ್ರದ ಗೋಡೆಯ ಮೇಲಿನ ಚಾರ್ಟನ್ನಲ್ಲ, ಆಯಾ ದೇಶದ ವಲಸೆ ಇಲಾಖೆಯ ಇಂದಿನ ಪಟ್ಟಿಯನ್ನು. ಕೆನಡಾದಲ್ಲಿ ಫಲಿತಾಂಶ ಎರಡು ವರ್ಷಕ್ಕೆ ಹಳತಾಗುತ್ತದೆ, ಆಸ್ಟ್ರೇಲಿಯಾದ ಕುಶಲ ವೀಸಾಗಳಿಗೆ ಮೂರು ವರ್ಷಕ್ಕೆ.